ಅಡುಗೆಮನೆಯ ಬಾಗಿಲು ತೆರೆದಿಟ್ಟವರು

ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫನ್ ರೂಮ್‌ನಲ್ಲಿ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಎಂಟಿಆರ್‌ನಲ್ಲಿ, ಬಹುಕಾಲ ಒಂದು ಪದ್ಧತಿ ಇತ್ತು. ಊಟಕ್ಕೆ ಬಂದವರು ಅಡುಗೆಮನೆಯನ್ನು ಹಾದೇ ಒಳಗೆ ಹೋಗಬೇಕು. ಹಿಟ್ಟು ಕಲಸುವವರು, ಕಾವಲಿಯ ಮುಂದೆ ನಿಂತವರು, ಪಾತ್ರೆ ತೊಳೆಯುವವರು ಎಲ್ಲರೂ ಗಿರಾಕಿಯ ಕಣ್ಣಿಗೆ ಬೀಳುತ್ತಿದ್ದರು. ಕರಾವಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಹೋಟೆಲು ಇದು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದರು. ಅಲ್ಲಿನ ಹೋಟೆಲುಗಳ ಶುಚಿ, ಶಿಸ್ತು ಅವರ ಮನಸ್ಸಿನಲ್ಲಿ ನಿಂತಿತು. ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಮಾಡುವ ಕ್ರಮ ಆಮೇಲೆ ಇಲ್ಲಿಗೂ ಬಂತು.

ಗಿರಾಕಿಗೆ ಅಡುಗೆಮನೆ ತೋರಿಸುವುದು ಸಣ್ಣ ಸಂಗತಿಯೆಂದು ನನಗೆ ಅನ್ನಿಸುವುದಿಲ್ಲ. ಹಾಗೆ ತೋರಿಸುವ ಯಜಮಾನ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವಂತಿಲ್ಲ, ನೆಲ ಕೊಳಕಾಗಲು ಬಿಡುವಂತಿಲ್ಲ, ಕೆಲಸದ ಹುಡುಗನನ್ನು ಬಾಯಿಗೆ ಬಂದಂತೆ ಬೈಯುವಂತಿಲ್ಲ. ನೋಡುವ ಕಣ್ಣುಗಳಿವೆ ಎನ್ನುವುದೇ ತಿನ್ನುವವನಿಗೂ ಬೇಯಿಸುವವನಿಗೂ ರಕ್ಷಣೆ.

ಸಂಸ್ಥೆಯನ್ನು ನಡೆಸುವವರು ಅದಕ್ಕೆ ಸಂಬಂಧಪಟ್ಟ ಎಲ್ಲರ ಹಿತ ಕಾಯಬೇಕು ಎಂಬ ಮಾತು ಈಗ ಕಂಪನಿಗಳ ವಾರ್ಷಿಕ ವರದಿಗಳಲ್ಲಿ, ಮ್ಯಾನೇಜ್‌ಮೆಂಟ್ ಕಾಲೇಜುಗಳ ಪಾಠಗಳಲ್ಲಿ ದಿನನಿತ್ಯ ಕೇಳಿಬರುತ್ತದೆ. ಮಾಲೀಕರು, ಕೆಲಸಗಾರರು, ಗಿರಾಕಿಗಳು, ಸರಕು ಕೊಡುವವರು, ಸಾಲ ಕೊಟ್ಟವರು, ಸುತ್ತಲಿನ ಬೀದಿಯವರು ಎಂದು ಪಟ್ಟಿ ಬೆಳೆಯುತ್ತದೆ. ಹಿತ ಕಾಯುವ ಮನಸ್ಸು ಬಹಳ ಮಂದಿಗೆ ಇರಬಹುದು. ಆದರೆ ಆ ಮನಸ್ಸು ನಿಜವೇ ಎಂದು ಹೊರಗಿನವರಿಗೆ ತಿಳಿಯುವುದು ಹೇಗೆ? ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ನೂರು ವರ್ಷದ ಅನುಭವದಿಂದ ನನಗೆ ಸಿಕ್ಕಿರುವ ಉತ್ತರ ಒಂದೇ. ಸಂಸ್ಥೆ ಎಡವಿದರೆ ಯಾರಿಗೆ ಪೆಟ್ಟು ಬೀಳುತ್ತದೋ ಅವರಿಗೆ ಅದರ ಒಳಗು ಕಾಣುವಂತಿರಬೇಕು. ಒಳಗನ್ನು ತೋರಿಸದವರು ಆಡುವ ಕಾಳಜಿಯ ಮಾತನ್ನು ನಾನು ನಂಬಲಾರೆ.

ಎಂಟಿಆರ್ ಕಥೆಯನ್ನೇ ಮುಂದುವರಿಸುತ್ತೇನೆ. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಹೋಟೆಲ್ ತಿಂಡಿಗಳ ಬೆಲೆಗೂ ಸರ್ಕಾರದ ಕಡಿವಾಣ ಬಿತ್ತು. ನಿಗದಿಯಾದ ದರ ತೀರಾ ಕಡಿಮೆ. ಆ ದರಕ್ಕೆ ಒಳ್ಳೆಯ ತುಪ್ಪ, ಒಳ್ಳೆಯ ಕಾಫಿಪುಡಿ ಹಾಕಿ ಕೊಟ್ಟರೆ ಪ್ರತಿ ತಟ್ಟೆಗೂ ನಷ್ಟ. ಹೋಟೆಲಿನವರ ಮುಂದೆ ಸುಲಭದ ದಾರಿಗಳಿದ್ದವು. ತುಪ್ಪದ ಬದಲು ಅಗ್ಗದ ಎಣ್ಣೆ ಬಳಸಿದರೆ ಗಿರಾಕಿಯ ತಲೆಗೆ ನಷ್ಟ. ಅರ್ಧ ಜನರನ್ನು ಮನೆಗೆ ಕಳಿಸಿದರೆ ಕೆಲಸದವರ ತಲೆಗೆ ನಷ್ಟ. ಎಂಟಿಆರ್‌ನವರು ಗುಣಮಟ್ಟ ಬಿಡದೆ ಆ ದರಕ್ಕೇ ಕೊಟ್ಟರು, ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ತೂಗುಹಾಕಿದರು ಎಂದು ಆ ಕಾಲವನ್ನು ಕಂಡ ಹಳಬರು ಹೇಳುತ್ತಾರೆ. ಕೊನೆಗೆ ಹೋಟೆಲಿನ ಬಾಗಿಲು ಮುಚ್ಚಲೇಬೇಕಾಯಿತು. ಬಾಗಿಲು ಮುಚ್ಚಿದರೂ ಕೆಲಸದವರನ್ನು ಊರಿಗೆ ಕಳಿಸಲಿಲ್ಲ. ಹೋಟೆಲಿನ ಮಗ್ಗುಲಲ್ಲೇ ಅಂಗಡಿ ತೆರೆದು ಸಾಂಬಾರುಪುಡಿ, ಚಟ್ನಿಪುಡಿ, ರವೆ ಇಡ್ಲಿಯ ಮಿಶ್ರಣ ಮಾರಲು ತೊಡಗಿದರು. ಬಾಣಸಿಗರ ಕೈಗೆ ಕೆಲಸ ಸಿಕ್ಕಿತು, ಗಿರಾಕಿಗೆ ಅದೇ ರುಚಿ ಮನೆಯಲ್ಲೇ ಸಿಕ್ಕಿತು. ಆ ಪುಡಿಗಳ ವ್ಯವಹಾರ ದೇಶವಿದೇಶಕ್ಕೆ ಹಬ್ಬಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಎಂಟಿಆರ್ ಫುಡ್ಸ್ ಅನ್ನು ಕೊಂಡುಕೊಂಡಿತು. ಹೋಟೆಲುಗಳು ಮಾತ್ರ ಇವತ್ತಿಗೂ ಮಯ್ಯರ ಮನೆತನದ ಕೈಯಲ್ಲಿವೆ.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಹಲಗೆ. ನಷ್ಟವನ್ನು ಮುಚ್ಚಿಟ್ಟು ಕೊರಗಬಹುದಿತ್ತು, ಸರ್ಕಾರವನ್ನು ಬೈಯುತ್ತ ಕೂರಬಹುದಿತ್ತು. ಲೆಕ್ಕವನ್ನು ಬೀದಿಗೆ ತಂದು ಇಟ್ಟಿದ್ದರಿಂದ ಗಿರಾಕಿಗೂ ಕೆಲಸದವನಿಗೂ ಅಧಿಕಾರಿಗೂ ಒಂದೇ ಸತ್ಯ ಗೊತ್ತಾಯಿತು. ಮುಚ್ಚುವ ದಿನ ಬಂದಾಗ ಯಾರಿಗೂ ಮೋಸ ಹೋದೆವೆಂಬ ಭಾವನೆ ಬಂದಿರಲಾರದು.

ಹಾಗೆಂದು ಹಳೆಯ ಬೆಂಗಳೂರನ್ನು ಬರಿದೇ ಹೊಗಳುವುದು ಸರಿಯಲ್ಲ. ಇದೇ ಎಂಟಿಆರ್ ಮೊದಲು ಹುಟ್ಟಿದ್ದು ‘ಬ್ರಾಹ್ಮಣ್ ಕಾಫಿ ಕ್ಲಬ್’ ಎಂಬ ಹೆಸರಿನಲ್ಲಿ. ಆ ಕಾಲದ ಅನೇಕ ಕಾಫಿ ಕ್ಲಬ್ಬುಗಳಿಗೆ ಇಂಥ ಹೆಸರೇ ಇತ್ತು, ಯಾರು ಎಲ್ಲಿ ಕೂತು ತಿನ್ನಬಹುದು ಎಂಬುದನ್ನು ಜಾತಿ ಹೇಳುತ್ತಿತ್ತು. ಊರಿನ ಬಡಾವಣೆಗಳ ಕಥೆಯೂ ಹಾಗೆಯೇ. 1892ರಲ್ಲಿ ಚಾಮರಾಜಪೇಟೆ ಆಯಿತು. 1898ರ ಪ್ಲೇಗಿನ ಹೊತ್ತಿಗೆ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಂದವು. ಅಲ್ಲಿಯೂ ನಿವೇಶನಗಳನ್ನು ಹಂಚುವಾಗ ಜಾತಿವಾರು ಬ್ಲಾಕುಗಳನ್ನು ಮಾಡಿದ್ದರು. ಎಲ್ಲರ ಹಿತ ಎಂದಾಗ ಆ ‘ಎಲ್ಲರೂ’ ಯಾರು ಎಂಬ ಪ್ರಶ್ನೆಯನ್ನು ಪ್ರತಿ ತಲೆಮಾರೂ ಮತ್ತೆ ಕೇಳಿಕೊಳ್ಳಬೇಕಾಗುತ್ತದೆ. ಹೋಟೆಲಿನ ಹೆಸರು ಮಾವಳ್ಳಿ ಟಿಫನ್ ರೂಮ್ ಎಂದು ಬದಲಾದದ್ದು 1960ರಲ್ಲಿ. ಅಷ್ಟರಲ್ಲಿ ಊರೂ ಬದಲಾಗಿತ್ತು.

ಸಂಸ್ಥೆಯ ಒಳಗನ್ನು ತೋರಿಸುವ ಕೆಲಸವನ್ನು ಒಬ್ಬ ಒಳ್ಳೆಯ ಯಜಮಾನನ ಮನಸ್ಸಿಗೆ ಬಿಡದೆ ನಿಯಮವನ್ನಾಗಿ ಮಾಡಿದವರು ಸಹಕಾರಿಗಳು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರ ಕಾಯ್ದೆ ತಂದಿತು. ಮರುವರ್ಷವೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಕರ ಸಹಕಾರ ಸಂಘ ಕಟ್ಟಿದರು. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಶಾಸನ ಮಾಡಿಕೊಂಡಿತು. ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ ಒಂದು ಸುತ್ತು ನಡೆದು ನೋಡಿ. 1907ರಲ್ಲಿ ಸ್ಥಾಪನೆಯಾದ ಬೆಂಗಳೂರು ಸಿಟಿ ಕೋ-ಆಪರೇಟಿವ್ ಬ್ಯಾಂಕ್ ಅಲ್ಲಿದೆ. 1915ರಲ್ಲಿ ಹುಟ್ಟಿದ ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕ್ ಅಲ್ಲಿದೆ. ಅದೇ ವರ್ಷ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತೂ ಅದೇ ರಸ್ತೆಯಲ್ಲಿದೆ. ಒಬ್ಬನಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡಬಹುದೆಂದು ಒಂದಿಡೀ ತಲೆಮಾರು ನಂಬಿತ್ತು ಎನ್ನುವುದಕ್ಕೆ ಆ ರಸ್ತೆ ಸಾಕ್ಷಿ.

ಸಹಕಾರ ಸಂಘದ ರಚನೆಯೇ ಜಾಣತನದ್ದು. ನೂರು ಷೇರು ಇರುವವನಿಗೂ ಒಂದು ಷೇರು ಇರುವವನಿಗೂ ಒಂದೇ ಓಟು. ಲಾಭಾಂಶಕ್ಕೆ ಮಿತಿ ಇದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಲೇಬೇಕು, ಆಢಾವೆ ಪತ್ರಿಕೆಯನ್ನು ಸದಸ್ಯರ ಮುಂದೆ ಇಡಲೇಬೇಕು, ಲೆಕ್ಕ ಪರಿಶೋಧನೆ ಆಗಲೇಬೇಕು. ಲೇವಾದೇವಿಗಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ಬಂದ ಗುಮಾಸ್ತ, ನೇಕಾರ, ಮೇಷ್ಟರು ಇಲ್ಲಿ ಸಾಲಗಾರನೂ ಹೌದು, ಮಾಲೀಕನೂ ಹೌದು. ಸಾಲ ಕೊಡುವವರಿಗೆ ಸಾಲ ಪಡೆಯುವವನ ಮನೆ ಗೊತ್ತು, ಸಾಲ ಪಡೆದವನಿಗೆ ಆಡಳಿತ ಮಂಡಳಿಯವರ ಮುಖ ಗೊತ್ತು.

ಬೆಂಗಳೂರಿನ ಕೆಲಸಗಾರರು ಇದೇ ರಚನೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ದೇಶದಲ್ಲಿ ಇಂಥ ಮೊದಲ ಸಂಘ ಬೆಂಗಳೂರಿನಲ್ಲಿ 1957ರ ಆಗಸ್ಟ್ 19ರಂದು ಹುಟ್ಟಿತು. ಕೆಲಸ ಕಳೆದುಕೊಳ್ಳಬೇಕಿದ್ದವರು ಮಾಲೀಕರಾದರು.

ರಚನೆ ಎಷ್ಟೇ ಚೆನ್ನಾಗಿರಲಿ, ಅದನ್ನು ಒಳಗಿನಿಂದ ಟೊಳ್ಳು ಮಾಡಬಹುದು. ಬಸವನಗುಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಟ್ಟಕಲ್ಲಪ್ಪ ವೃತ್ತದ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಒಬ್ಬ ಠೇವಣಿದಾರ ಒಟ್ಟು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂಬ ಆದೇಶ ಬಂತು. ಬೆಳಗಾಗುವಷ್ಟರಲ್ಲಿ ಬ್ಯಾಂಕಿನ ಮುಂದೆ ಜನ ಸೇರಿದರು. ಅವರಲ್ಲಿ ಬಹಳ ಮಂದಿ ನಿವೃತ್ತರು. ಪಿಂಚಣಿ, ಗ್ರಾಚ್ಯುಟಿ, ಮನೆ ಮಾರಿದ ಹಣ, ಮಗಳ ಮದುವೆಗೆಂದು ಇಟ್ಟದ್ದು, ಎಲ್ಲವನ್ನೂ ಅಲ್ಲೇ ಇಟ್ಟಿದ್ದರು. ಬೇರೆ ಬ್ಯಾಂಕುಗಳಿಗಿಂತ ಹೆಚ್ಚು ಬಡ್ಡಿ ಸಿಗುತ್ತಿತ್ತು ಎಂಬುದು ಒಂದು ಕಾರಣ. ರಾಯರ ಹೆಸರು, ಪರಿಚಯದ ಮುಖಗಳು, ಮನೆಗೆ ಹತ್ತಿರ ಎನ್ನುವುದು ಇನ್ನೂ ದೊಡ್ಡ ಕಾರಣ. ಠೇವಣಿಗಳ ಮೊತ್ತ ಎರಡು ಸಾವಿರ ಕೋಟಿ ರೂಪಾಯಿಗೂ ಮೀರಿತ್ತು.

ವಸೂಲಾಗದ ದೊಡ್ಡ ದೊಡ್ಡ ಸಾಲಗಳನ್ನು ಪುಸ್ತಕದಲ್ಲಿ ಸರಿಯಾಗಿರುವಂತೆ ತೋರಿಸಿದ್ದರು, ಸಾಲದ ಬಹುಪಾಲು ಕೆಲವೇ ಕೈಗಳಿಗೆ ಹೋಗಿತ್ತು ಎನ್ನುವುದು ತನಿಖಾ ಸಂಸ್ಥೆಗಳ ಆರೋಪ. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ಅದಕ್ಕೆ ನಾನು ಕೈಹಾಕುವುದಿಲ್ಲ. ನನ್ನ ಗಮನವಿರುವುದು ಬೇರೊಂದು ಕಡೆ. ಪೆಟ್ಟು ತಿಂದವರಿಗೆ ಒಳಗೇನು ನಡೆಯುತ್ತಿದೆ ಎಂಬುದರ ಸುಳಿವೂ ಇರಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಸಹಕಾರ ಬ್ಯಾಂಕಿನಲ್ಲಿ ಓಟು ಇರುವುದು ಷೇರುದಾರ ಸದಸ್ಯನಿಗೆ. ಸಾಲ ಪಡೆಯಬೇಕಾದರೆ ಸದಸ್ಯನಾಗಬೇಕು, ಆದ್ದರಿಂದ ಸಾಲಗಾರರಿಗೆ ಓಟಿದೆ. ಬರೀ ಠೇವಣಿ ಇಟ್ಟವನಿಗೆ ಸಾಮಾನ್ಯವಾಗಿ ಓಟಿಲ್ಲ. ಹಣವೆಲ್ಲ ಠೇವಣಿದಾರನದು, ಮಾತೆಲ್ಲ ಸಾಲಗಾರನದು. ಪರಸ್ಪರ ಮುಖ ಕಂಡ ಪುಟ್ಟ ಸಂಘದಲ್ಲಿ ಇದರಿಂದ ಅಪಾಯ ಕಡಿಮೆ. ಸಾವಿರಾರು ಕೋಟಿ ವ್ಯವಹಾರದ ಬ್ಯಾಂಕಿನಲ್ಲಿ ಇದು ದೊಡ್ಡ ಬಿರುಕು.

ಆ ಸಂಕಟದ ಬಳಿಕ ಕೆಲವು ರಿಪೇರಿಗಳಾದವು. ಮುಂಬೈಯ ಪಿಎಂಸಿ ಬ್ಯಾಂಕ್ 2019ರಲ್ಲಿ ಮುಗ್ಗರಿಸಿತ್ತು, ಅದರ ಬೆನ್ನಿಗೇ ಬಸವನಗುಡಿಯದು. 2020ರ ಫೆಬ್ರವರಿಯಲ್ಲಿ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಅದಕ್ಕೂ ಮೊದಲು ಆ ಮಿತಿ ಬದಲಾಗಿದ್ದದ್ದು 1993ರಲ್ಲಿ. ಅದೇ 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾಗಿ ಸಹಕಾರ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಅಧಿಕಾರ ಸಿಕ್ಕಿತು. 2021ರ ಮತ್ತೊಂದು ತಿದ್ದುಪಡಿಯಿಂದ, ಬ್ಯಾಂಕ್ ಮುಚ್ಚುವವರೆಗೆ ಕಾಯಬೇಕಿಲ್ಲ, ನಿರ್ಬಂಧ ಬಿದ್ದ 90 ದಿನಗಳಲ್ಲಿ ವಿಮೆಯ ಹಣ ಕೊಡಬೇಕು ಎಂದಾಯಿತು. ಸಣ್ಣ ಠೇವಣಿದಾರರಿಗೆ ಇದು ದೊಡ್ಡ ಆಸರೆ. 5 ಲಕ್ಷಕ್ಕಿಂತ ಹೆಚ್ಚು ಇಟ್ಟವರ ಪಾಡು ಬೇರೆ. ಬಾಳಿನುದ್ದಕ್ಕೂ ಯಾರ ಮುಂದೆಯೂ ಕೈಚಾಚದೆ ಬದುಕಿದವರು ಎಪ್ಪತ್ತು ದಾಟಿದ ಮೇಲೆ ಔಷಧಿಯ ಖರ್ಚಿಗೆ ಮಕ್ಕಳ ಮುಖ ನೋಡಬೇಕಾದ ಸ್ಥಿತಿಯನ್ನು ಯಾವ ತಿದ್ದುಪಡಿಯೂ ಹಿಂದಕ್ಕೆ ಪಡೆಯಲಾರದು.

ಹೊರಗಿನ ಜಗತ್ತು ಈ ಪ್ರಶ್ನೆಯ ಸುತ್ತ ಅರ್ಧ ಶತಮಾನ ವಾದ ಮಾಡಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಪ್ರಸಿದ್ಧ ಲೇಖನದ ವಾದವೆಂದರೆ, ಕಾನೂನಿನ ಮಿತಿಯೊಳಗೆ ಲಾಭ ಹೆಚ್ಚಿಸುವುದೇ ವ್ಯಾಪಾರದ ಸಾಮಾಜಿಕ ಹೊಣೆ ಎಂಬುದು. ಎಡ್ವರ್ಡ್ ಫ್ರೀಮನ್ 1984ರಲ್ಲಿ ಪುಸ್ತಕ ಬರೆದು, ಸಂಸ್ಥೆಯಿಂದ ಯಾರಿಗೆಲ್ಲ ಒಳಿತು ಕೆಡುಕು ತಟ್ಟುತ್ತದೋ ಅವರೆಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದರು. ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2013ರ ಕಂಪನಿ ಕಾಯ್ದೆಯ 166ನೇ ಕಲಮು, ನಿರ್ದೇಶಕರು ಷೇರುದಾರರ ಜೊತೆಗೆ ನೌಕರರು, ಸಮುದಾಯ ಮತ್ತು ಪರಿಸರದ ಹಿತವನ್ನೂ ನೋಡಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಒಳ್ಳೆಯ ಕಲಮು. ಆದರೆ ನೌಕರನಿಗೋ ನೆರೆಯವನಿಗೋ ಪುಸ್ತಕ ತೆರೆದು ನೋಡುವ ದಾರಿ ಸುಲಭವಾಗಿ ಸಿಗದೆ ಹೋದರೆ ಆ ಕಲಮು ಆಚರಣೆಗೆ ಬರುವುದು ಕಷ್ಟ.

ಇನ್ನು ಸಂಸ್ಥೆಯನ್ನು ನಡೆಸುವ ಮನುಷ್ಯನ ವಿಷಯ. ಬಸವನಗುಡಿಯಲ್ಲಿ ಈ ಮಾತು ಬಂದರೆ ಡಾ. ಎಚ್. ನರಸಿಂಹಯ್ಯನವರನ್ನು ಬಿಟ್ಟು ಮುಂದೆ ಹೋಗಲಾಗದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಹುಡುಗ, ಓದುವ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ. 1942ರ ಚಳವಳಿಯಲ್ಲಿ ಜೈಲಿಗೆ ಹೋದರು, ಭೌತಶಾಸ್ತ್ರದ ಮೇಷ್ಟರಾದರು, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಮತ್ತೆ ಬಸವನಗುಡಿಗೇ ಬಂದರು. ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರು, 1972ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳು, ಆಮೇಲೆ ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರು. ಮದುವೆಯಾಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ. ಕಾಲೇಜಿನ ಹಾಸ್ಟೆಲಿನ ಕೋಣೆಯೇ ಮನೆ, ಹಾಸ್ಟೆಲಿನ ಊಟವೇ ಊಟ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ಖಾದಿ ಪಂಚೆ, ಜುಬ್ಬ, ಟೋಪಿ.

ಇದನ್ನು ಸರಳತೆ ಎಂದು ಹೊಗಳಿ ಮುಂದೆ ಹೋಗುವುದು ವಾಡಿಕೆ. ನನಗೆ ಇದರಲ್ಲಿ ಆಡಳಿತದ ದೊಡ್ಡ ಪಾಠ ಕಾಣುತ್ತದೆ. ಹುಡುಗರ ಜೊತೆ ಅದೇ ಹಾಸ್ಟೆಲಿನಲ್ಲಿ ಉಣ್ಣುವ ಅಧ್ಯಕ್ಷರಿಗೆ ಅನ್ನದ ಗುಣಮಟ್ಟದ ಬಗ್ಗೆ ಯಾರೂ ವರದಿ ಕೊಡಬೇಕಿಲ್ಲ. ಅವರ ಬದುಕು ಎಲ್ಲರ ಕಣ್ಣೆದುರು ನಡೆಯುತ್ತಿದ್ದುದರಿಂದ ಅವರು ಕಠಿಣ ನಿರ್ಧಾರ ತೆಗೆದುಕೊಂಡಾಗ ಅದರಲ್ಲಿ ಸ್ವಂತ ಲಾಭವಿದೆಯೆಂದು ಯಾರೂ ಬೆರಳು ತೋರಿಸಲಾಗಲಿಲ್ಲ. ಸಂಸ್ಥೆಯ ಹಿತ ಯಾರಿಗೆ ತಲುಪಬೇಕು ಎಂಬ ವಿಷಯದಲ್ಲೂ ಅವರ ದೃಷ್ಟಿ ಬಸವನಗುಡಿಯ ಗಡಿ ದಾಟಿತ್ತು. ಸೊಸೈಟಿಯ ಕಾಲೇಜುಗಳು ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಹೋದವು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ವಿಜ್ಞಾನದ ಉಪನ್ಯಾಸ ಕೇಳಲು ಯಾರು ಬೇಕಾದರೂ ಬಂದು ಕೂರಬಹುದು. ಎದ್ದು ಪ್ರಶ್ನೆ ಕೇಳುವುದನ್ನು ಅವರು ವಿದ್ಯಾರ್ಥಿಯ ಹಕ್ಕೆಂದೇ ಭಾವಿಸಿದ್ದರು.

ಮತ್ತೆ ಹೋಟೆಲುಗಳ ಕಡೆಗೆ ಬರೋಣ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದದ್ದು. ಅಲ್ಲಿ ಶುಕ್ರವಾರ ರಜೆ, ಎಂಟಿಆರ್‌ನಲ್ಲಿ ಸೋಮವಾರ ರಜೆ. ಪಾಳಿ ಹಾಕಿ ಏಳೂ ದಿನ ನಡೆಸಿದರೆ ಜನಕ್ಕೆ ಬರವಿಲ್ಲ, ಕಾನೂನಿನ ತೊಂದರೆಯೂ ಇರಲಾರದು. ಬಾಗಿಲೇ ಮುಚ್ಚಿದರೆ ಅಡುಗೆಯವರು, ಮಾಣಿಗಳು, ಪಾತ್ರೆ ತೊಳೆಯುವವರು, ಗಲ್ಲಾಪೆಟ್ಟಿಗೆಯವರು ಎಲ್ಲರಿಗೂ ಒಂದೇ ದಿನ ಬಿಡುವು. ಒಂದು ದಿನದ ವ್ಯಾಪಾರದ ನಷ್ಟ ಯಜಮಾನನ ಪಾಲಿಗೆ ಬರುತ್ತದೆ. ಶನಿವಾರ, ಭಾನುವಾರ ಬಾಗಿಲಲ್ಲಿ ಕಾಯುವ ನಾವು ಇದನ್ನು ನೆನೆಯಬೇಕು.

ಆದರೆ ಇವತ್ತು ಆ ಬಾಗಿಲಲ್ಲಿ ನಮ್ಮ ಜೊತೆ ಇನ್ನೊಬ್ಬರೂ ಕಾಯುತ್ತಾರೆ. ಬೆನ್ನಿಗೆ ಚೌಕದ ಚೀಲ ಏರಿಸಿ, ಮೊಬೈಲು ಹಿಡಿದು ನಿಂತ ಡೆಲಿವರಿ ಹುಡುಗರು. ಮಲ್ಲೇಶ್ವರದ ಸಿಟಿಆರ್ ಹೋಟೆಲಿನ ಮುಂದೆಯೂ ಅವರೇ, ಗಾಂಧಿಬಜಾರಿನಲ್ಲೂ ಅವರೇ. ಯಾವ ಆರ್ಡರು ಯಾರಿಗೆ ಹೋಗಬೇಕು, ಎಷ್ಟು ಹಣ ಸಿಗಬೇಕು, ಯಾರ ಖಾತೆ ಬಂದ್ ಆಗಬೇಕು ಎಂದು ತೀರ್ಮಾನಿಸುವ ಗಣಕದ ಲೆಕ್ಕಾಚಾರ ಅವರಿಗೆ ಕಾಣುವುದೇ ಇಲ್ಲ. ಅವರ ಪಾಲಿಗೆ ಅದು ಬೀಗ ಹಾಕಿದ ಅಡುಗೆಮನೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ಮಾಡಿತು. ಪ್ರತಿ ವಹಿವಾಟಿನಲ್ಲಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿ ಎಂಬುದು ಹೆಚ್ಚು ಸುದ್ದಿಯಾಯಿತು. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮುಖ್ಯವಾದವು ಬೇರೆ ಎರಡು ಅಂಶಗಳು. ಆ ಗಣಕದ ಲೆಕ್ಕಾಚಾರ ತಮ್ಮ ದುಡಿಮೆಯನ್ನು ಹೇಗೆ ನಿರ್ಧರಿಸುತ್ತದೆ ಎಂದು ಕೇಳಿ ತಿಳಿಯುವ ಹಕ್ಕು ಕಾರ್ಮಿಕರಿಗೆ ಸಿಕ್ಕಿದೆ. ಕಾರಣ ತಿಳಿಸಿ 14 ದಿನಗಳ ಮುನ್ಸೂಚನೆ ಕೊಡದೆ ಸಾಮಾನ್ಯವಾಗಿ ಅವರನ್ನು ತೆಗೆಯುವಂತಿಲ್ಲ. ಇದು ಜಾರಿಯಾಗುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ.

ಮುಂಜಾನೆ ಈ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರ ಕಥೆಯೂ ಇದೇ. ವರ್ಷಗಟ್ಟಲೆ ಗುತ್ತಿಗೆದಾರನ ಪುಸ್ತಕದಲ್ಲಿ ಅವರ ಹೆಸರಿತ್ತೋ ಇಲ್ಲವೋ, ಸಂಬಳ ಎಷ್ಟು ಬರೆದಿದ್ದಾರೋ ಅವರಿಗೇ ತಿಳಿಯುತ್ತಿರಲಿಲ್ಲ. ಗುತ್ತಿಗೆ ಹೋಗಿ ನೇರ ಪಾವತಿ ಬಂದದ್ದು, 2022ರ ಜುಲೈನಲ್ಲಿ ಮುಷ್ಕರ ಹೂಡಿ ಕಾಯಮಾತಿಯ ಭರವಸೆ ಪಡೆದದ್ದು, 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕದ ಆದೇಶ ಸಿಕ್ಕದ್ದು, ಎಲ್ಲವೂ ಅವರೇ ಹೋರಾಡಿ ಪಡೆದದ್ದು. ಅವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಊರಿನ ಆರೋಗ್ಯ ಕಾಯುವವರನ್ನು ಊರಿನ ಲೆಕ್ಕದೊಳಕ್ಕೆ ತರಲು ಇಷ್ಟು ಕಾಲ ಬೇಕಾಯಿತಲ್ಲ ಎಂಬ ನೋವು ನನಗಿದೆ.

ಓದುಗರಲ್ಲಿ ಒಂದು ಮನವಿ. ನಿಮ್ಮಲ್ಲಿ ಎಷ್ಟೋ ಮಂದಿ ಯಾವುದಾದರೂ ಸಹಕಾರ ಬ್ಯಾಂಕಿನ, ಗೃಹ ನಿರ್ಮಾಣ ಸಂಘದ, ವಿದ್ಯಾಸಂಸ್ಥೆಯ ಸದಸ್ಯರಾಗಿದ್ದೀರಿ. ಸಹಕಾರ ಸಂಘಗಳು ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಅಂಚೆಯಲ್ಲಿ ಒಂದು ಪುಸ್ತಿಕೆ ಬರುತ್ತದೆ. ಅದನ್ನು ಹಳೆಯ ಪೇಪರಿನ ಕಟ್ಟಿಗೆ ಸೇರಿಸಬೇಡಿ. ವಸೂಲಾಗದ ಸಾಲ ಹೋದ ವರ್ಷಕ್ಕಿಂತ ಎಷ್ಟು ಏರಿದೆ, ದೊಡ್ಡ ಸಾಲಗಳು ಎಷ್ಟು ಮಂದಿಯ ಕೈಯಲ್ಲಿವೆ, ನಿರ್ದೇಶಕರ ಬಂಧುಗಳಿಗೆ ಸಾಲ ಹೋಗಿದೆಯೇ, ಸಿಬ್ಬಂದಿಯ ಭವಿಷ್ಯನಿಧಿ ಸರಿಯಾಗಿ ಕಟ್ಟಿದ್ದಾರೆಯೇ ಎಂದು ನೋಡಿ. ತಿಳಿಯದಿದ್ದರೆ ಲೆಕ್ಕ ಬಲ್ಲ ನೆರೆಯವರನ್ನು ಕೇಳಿ. ಸಭೆಗೆ ಹೋಗಿ, ಊಟದ ಕೂಪನ್ ತೆಗೆದುಕೊಳ್ಳುವ ಮೊದಲು ಎದ್ದು ನಿಂತು ಒಂದು ಪ್ರಶ್ನೆಯನ್ನಾದರೂ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.